ಉಮಾಮಹೇಶ್ವರರ ಕಲ್ಯಾಣಚಕ್ರ

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಒಂದು ಔಷಧಿ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿ ಹೋದರೆ ಸಮಾಜದ ವಧೂವರ ಮಾಹಿತಿ ಕೇಂದ್ರ ಸಿಗುತ್ತದೆ. ಮದುವೆ ವಯಸ್ಸಿನ ಮಕ್ಕಳಿರುವ ತಂದೆ ತಾಯಂದಿರಿಗೆ ಆ ಹೊತ್ತಿಗೆ ಮಂಡಿನೋವು ಶುರುವಾಗಿರುತ್ತದೆ ಎಂಬುದು ಆ ಕೋಣೆ ಹಿಡಿದವರಿಗೆ ಹೊಳೆದಿರಲಿಲ್ಲ. ಹತ್ತಿ ಬಂದವರು ಬೆಂಚಿನ ಮೇಲೆ ಕುಸಿದು, ಮಾತು ಹೊರಡದೆ ಒಂದಷ್ಟು ಹೊತ್ತು ಏದುಸಿರು ಬಿಡುತ್ತಿದ್ದರು. ಅದನ್ನು ಕೇಂದ್ರದ ಗೌರವ ಕಾರ್ಯದರ್ಶಿ ಉಮಾಮಹೇಶ್ವರರು ತಮ್ಮ ಮೇಲಿನ ಭಯಭಕ್ತಿ ಎಂದೇ ತಿಳಿದಿದ್ದರು.

ಉಮಾಮಹೇಶ್ವರರು ಸರ್ಕಾರಿ ಕಚೇರಿಯೊಂದರಲ್ಲಿ ಅಧೀಕ್ಷಕರಾಗಿ ನಿವೃತ್ತರಾದವರು. ಸೇವೆಯ ಕೊನೆಯ ವರ್ಷದಲ್ಲಿ ಅವರನ್ನು ಕಂಪ್ಯೂಟರ್ ತರಬೇತಿಗೆ ಕಳಿಸಿದ್ದರು. ಹೋಗಬೇಕಾಗಿದ್ದ ಬೇರೊಬ್ಬ ಹುಡುಗನಿಗೆ ಕಾಮಾಲೆಯಾಗಿದ್ದರಿಂದ ಆದ ವ್ಯವಸ್ಥೆ ಅದು. ಅಲ್ಲಿ ಎರಡು ದಿನ ಉಪ್ಪಿಟ್ಟು ತಿಂದು ಅವರು ಆಕ್ಸೆಸ್ ಎಂಬ ತಂತ್ರಾಂಶವನ್ನು ಕಲಿತು ಬಂದರು. ಆ ಪ್ರಮಾಣಪತ್ರ ಈಗ ಹೊಸಮನೆಯ ಅವರ ಮನೆಯಲ್ಲಿ ಶಾರದಾಂಬೆಯ ಪಟದ ಪಕ್ಕದಲ್ಲಿ, ಅದಕ್ಕಿಂತ ತುಸು ದೊಡ್ಡ ಚೌಕಟ್ಟಿನಲ್ಲಿದೆ.

ನಿವೃತ್ತರಾದ ಗಂಡಸರು ಸಾಮಾನ್ಯವಾಗಿ ಹೆಂಡತಿಯ ಅಡುಗೆಮನೆಯನ್ನು ಸುಧಾರಿಸಲು ಹೊರಡುತ್ತಾರೆ. ಉಮಾಮಹೇಶ್ವರರು ಸಮಾಜವನ್ನು ಸುಧಾರಿಸಲು ಹೊರಟರು. ಇದಕ್ಕಾಗಿ ಅವರ ಹೆಂಡತಿ ಸೀತಾ ಸಮಾಜಕ್ಕೆ ಋಣಿಯಾಗಿದ್ದರು.

ಹಿಂದಿನ ಕಾರ್ಯದರ್ಶಿಗಳು ಗಂಡು ಹೆಣ್ಣಿನ ಜಾತಕಗಳನ್ನು ತಲೆಯಲ್ಲೇ ಇಟ್ಟುಕೊಂಡು, ಮದುವೆ ಮುಂಜಿಗಳಲ್ಲಿ ಪಂಕ್ತಿಯಲ್ಲಿ ಕೂತಾಗ ಪಕ್ಕದ ಎಲೆಯವರ ಕಿವಿಯಲ್ಲಿ ಹೇಳಿ ಸಂಬಂಧ ಕುದುರಿಸುತ್ತಿದ್ದರು. ಉಮಾಮಹೇಶ್ವರರಿಗೆ ಇದು ಅವೈಜ್ಞಾನಿಕವಾಗಿ ಕಂಡಿತು. ಅವರು ಎಲ್ಲ ವಿವರಗಳನ್ನೂ ಆಕ್ಸೆಸ್‌ಗೆ ತುಂಬಿದರು. ಭದ್ರಾವತಿ ಶಾಖೆಯಿಂದ ಪ್ರತಿ ಶನಿವಾರ ವಾಟ್ಸಾಪಿನಲ್ಲಿ ಎರಡು ಎಕ್ಸೆಲ್ ಹಾಳೆಗಳು ಬರುತ್ತಿದ್ದವು, ಒಂದು ವರರದ್ದು, ಇನ್ನೊಂದು ಕನ್ಯೆಯರದ್ದು. ಅವನ್ನು ಒಳಗೆ ತಂದು, ಪರೀಕ್ಷಿಸಿ, ಜಾತಕ ಹೊಂದಿಸಿ, ಎರಡೂ ಕಡೆಯವರಿಗೆ ಕಾಗದ ಮುದ್ರಿಸುವ ತನಕದ ಅಷ್ಟೂ ಕೆಲಸವನ್ನು ಒಂದೇ ಗುಂಡಿ ಒತ್ತಿದರೆ ಒಂದರ ಹಿಂದೊಂದು ತಾನಾಗಿಯೇ ಮಾಡಿ ಮುಗಿಸುವಂತೆ ಅವರೊಂದು ಮ್ಯಾಕ್ರೋ ಬರೆದರು. ಬರೆದು ಅದಕ್ಕೆ 'ಕಲ್ಯಾಣಚಕ್ರ' ಎಂದು ನಾಮಕರಣ ಮಾಡಿದರು. ನಾಮಕರಣದ ದಿನ ಕೇಂದ್ರದಲ್ಲಿ ಪೇಡ ಹಂಚಲಾಯಿತು.

ಮನೆತನದಲ್ಲಿ ಸಂಸ್ಕೃತವಿದ್ದವರು ಮ್ಯಾಕ್ರೋ ಬರೆದರೂ ಅದು ಪೂಜೆಯ ಹಾಗೆಯೇ ಇರುತ್ತದೆ. ಹಾಳೆಯನ್ನು ಒಳಗೆ ತರುವ ಹಂತಕ್ಕೆ ಅವರು ಆವಾಹನೆ ಎಂದು ಹೆಸರಿಟ್ಟರು. ಹೆಸರುಗಳ ಹಿಂದೆ ಮುಂದೆ ಬಿದ್ದ ಖಾಲಿ ಜಾಗ ಒರೆಸುವುದು ಪ್ರೋಕ್ಷಣೆ. ಕಾಗದ ಮುದ್ರಿಸುವುದು ಪ್ರಸಾದ. ಪರೀಕ್ಷೆಯಲ್ಲಿ ಫೇಲಾದ ಸಾಲುಗಳು ಹೋಗಿ ಬೀಳುವ ಮೂಲೆಗೆ ನಿರ್ಮಾಲ್ಯ ಎಂದು ಹೆಸರು. ನಿರ್ಮಾಲ್ಯವನ್ನು ಮತ್ತೆ ಮುಟ್ಟುವ ಪದ್ಧತಿ ಅವರ ಮನೆಯಲ್ಲಿ ಇರಲಿಲ್ಲವಾದ್ದರಿಂದ ಕಂಪ್ಯೂಟರಿನಲ್ಲೂ ಅವರು ಅದನ್ನು ಮುಟ್ಟಲಿಲ್ಲ.

ಇವೆಲ್ಲಕ್ಕೂ ಮೊದಲ ಹಂತ ವಿಘ್ನನಿವಾರಣೆ. ಅದರ ಹಿನ್ನೆಲೆ ಇಷ್ಟು: ಆರಂಭದ ದಿನಗಳಲ್ಲಿ ಕಂಪ್ಯೂಟರು ಮಾತುಮಾತಿಗೂ ತೆರೆಯ ಮೇಲೊಂದು ಚೌಕ ತೋರಿಸಿ, ಇಂತಿಷ್ಟು ಸಾಲುಗಳನ್ನು ಸೇರಿಸಲು ಆಗುತ್ತಿಲ್ಲ, ಆದರೂ ಮುಂದುವರಿಯಲೇ ಎಂದು ಕೇಳುತ್ತಿತ್ತು. ಬೆಂಚಿನ ಮೇಲೆ ಜನ ಕೂತಿರುವಾಗ, ಜೀವಮಾನವಿಡೀ ಬೇರೆಯವರಿಗೆ ವಿವರಣೆ ಕೇಳಿ ನೋಟಿಸು ಕೊಟ್ಟವರಿಗೆ ಒಂದು ಪೆಟ್ಟಿಗೆ ವಿವರಣೆ ಕೇಳುವುದೆಂದರೇನು? ಉಮಾಮಹೇಶ್ವರರು ಮ್ಯಾಕ್ರೋದ ತಲೆಯಲ್ಲೇ ಎಚ್ಚರಿಕೆಗಳನ್ನು ತೋರಿಸಬಾರದು ಎಂಬ ಆಜ್ಞೆ ಬರೆದುಬಿಟ್ಟರು. ಅಂದಿನಿಂದ ಪೆಟ್ಟಿಗೆ ಬಾಯಿ ಮುಚ್ಚಿಕೊಂಡಿತು. ಗುಂಡಿ ಒತ್ತಿದರೆ ಸಾಕು, ಕೊನೆಯಲ್ಲಿ 'ಶುಭಮಸ್ತು' ಎಂಬ ಅಕ್ಷರ ಬರುತ್ತಿತ್ತು. ಕೆಲಸ ಆದರೂ ಬರುತ್ತಿತ್ತು, ಏನೂ ಆಗದಿದ್ದರೂ ಬರುತ್ತಿತ್ತು.

ಪರೀಕ್ಷೆಯ ಹಂತದ ನಿಯಮಗಳು ಮಾತ್ರ ಒಂದೇ ದಿನದಲ್ಲಿ ಹುಟ್ಟಿದವಲ್ಲ, ಒಂದೊಂದರ ಹಿಂದೆಯೂ ಒಂದೊಂದು ಅವಮಾನವಿತ್ತು. ಭದ್ರಾವತಿಯ ಒಂದು ಹಾಳೆಯಲ್ಲಿ ತೋಟದ ಯಜಮಾನರೊಬ್ಬರು ಮಗನ 'ರಾಶಿ' ಎಂಬಲ್ಲಿ 'ರಾಶಿ ಜಾಸ್ತಿ, ಬೆಟ್ಟೆ ಸ್ವಲ್ಪ, ಗೊರಬಲು ಮನೆ ಖರ್ಚಿಗೆ' ಎಂದು ತೋಟದ ಅಡಿಕೆಯ ಬಗೆಗಳ ವಿವರ ಬರೆಸಿದ್ದರು. ಕಲ್ಯಾಣಚಕ್ರ ಅದನ್ನು ಹಾಗೆಯೇ ಮುದ್ರಿಸಿ ಆರು ಹೆಣ್ಣುಗಳ ಮನೆಗೆ ಕಳಿಸಿತು. ಆರೂ ಮನೆಯವರು ತಕ್ಷಣ ಒಪ್ಪಿಗೆ ಸೂಚಿಸಿದರು ಎಂಬುದು ಬೇರೆ ಮಾತು. ಉಮಾಮಹೇಶ್ವರರು ಮಾತ್ರ ಕೆರಳಿ, ರಾಶಿ ಎಂದರೆ ಮೇಷದಿಂದ ಮೀನದ ತನಕದ ಹನ್ನೆರಡು ಹೆಸರುಗಳಲ್ಲಿ ಒಂದಾಗಿರತಕ್ಕದ್ದು ಎಂಬ ನಿಯಮ ಹಾಕಿದರು.

ಎರಡನೆಯ ಅವಮಾನ ಇದಕ್ಕಿಂತ ದೊಡ್ಡದು. ಭದ್ರಾವತಿ ಶಾಖೆಯ ಅಧ್ಯಕ್ಷ ವಿಷ್ಣುಪ್ರಸಾದರು ಒಂದು ಶನಿವಾರ ಆತುರದಲ್ಲಿ ಒಬ್ಬ ಹುಡುಗಿಯ ವಿವರವನ್ನು ವರರ ಹಾಳೆಯಲ್ಲಿ ತುಂಬಿಬಿಟ್ಟರು. ಅವಳ ಹೆಸರಿನ ಮುಂದೆ 'ಕನ್ಯಾ' ಎಂದು ಸ್ಪಷ್ಟವಾಗಿ ಬರೆದಿದ್ದರೂ ಕಲ್ಯಾಣಚಕ್ರಕ್ಕೆ ಅದು ತಿಳಿಯಲಿಲ್ಲ. ಶಿವಮೊಗ್ಗದ ಇನ್ನೊಬ್ಬ ಹುಡುಗಿಯ ಜಾತಕಕ್ಕೆ ಅವಳದ್ದು ಅದ್ಭುತವಾಗಿ ಕೂಡಿಬಂತು. ಇಬ್ಬರು ಹೆಣ್ಣಿನ ತಂದೆಯರು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಭೇಟಿಯಾಗಿ, ಎರಡೆರಡು ಸಲ ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ನಿಮ್ಮ ಹುಡುಗ ಎಲ್ಲಿ ಎಂದು ಪರಸ್ಪರ ಕೇಳಿಕೊಳ್ಳಲು ಸಂಕೋಚಪಟ್ಟು, ಬಿಲ್ಲಿಗೆ ಜಗಳಾಡಿ ಮನೆಗೆ ಹೋಗಿದ್ದರು.

ಸುದ್ದಿ ತಿಳಿದ ಉಮಾಮಹೇಶ್ವರರು ಫೋನಿನಲ್ಲಿ ವಿಷ್ಣುಪ್ರಸಾದರನ್ನು ತರಾಟೆಗೆ ತೆಗೆದುಕೊಂಡರು. "ವಿಷ್ಣುಪ್ರಸಾದ್, ಗಂಡು ಯಾವುದು ಹೆಣ್ಣು ಯಾವುದು ಅಂತ ಗೊತ್ತಾಗಲ್ವೇನ್ರೀ ನಿಮಗೆ?"

"ಗೊತ್ತಾಗುತ್ತೆ ಮಾರಾಯ್ರೇ," ಅಂದರು ವಿಷ್ಣುಪ್ರಸಾದರು. ಅವರು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು, ಯಂತ್ರದ ಸದ್ದನ್ನು ಮೀರಿಸಿ ಮಾತಾಡಿ ಅಭ್ಯಾಸ. "ನೋಡಿದ್ರೆ ಗೊತ್ತಾಗುತ್ತೆ. ಎಕ್ಸೆಲ್ಲಲ್ಲಿ ಎಲ್ಲಾರೂ ಒಂದೇ ಥರ ಕಾಣ್ತಾರೆ, ಏನ್ ಮಾಡ್ಲಿ?"

ಆ ಸಿಟ್ಟಿನಲ್ಲೇ ಉಮಾಮಹೇಶ್ವರರು ಹೊಸ ನಿಯಮವನ್ನು ಸೇರಿಸಿದರು: ವರರ ಹಾಳೆಯ ಸಾಲಿನಲ್ಲಿ ಎಲ್ಲಿಯಾದರೂ ಸರಿ, 'ಕನ್ಯಾ' ಎಂಬ ಪದ ಕಂಡರೆ ಆ ಸಾಲು ನೇರ ನಿರ್ಮಾಲ್ಯಕ್ಕೆ. ಬರೆದು ಮುಗಿಸಿ ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಇನ್ನು ಮೇಲೆ ಗಂಡಸರ ನಡುವೆ ಕನ್ಯೆ ನುಸುಳುವುದು ಸಾಧ್ಯವೇ ಇರಲಿಲ್ಲ. ಹನ್ನೆರಡು ರಾಶಿಗಳ ಹೆಸರನ್ನು ಮೇಷದಿಂದ ಮೀನಕ್ಕೂ ಮೀನದಿಂದ ಮೇಷಕ್ಕೂ ಹೇಳಬಲ್ಲ ಆ ಪಂಡಿತರಿಗೆ, ಆರನೆಯ ಹೆಸರು ಏನೆಂಬುದು ಆ ಕ್ಷಣದಲ್ಲಿ ನೆನಪಿಗೆ ಬರಲಿಲ್ಲ.

ಇಷ್ಟೆಲ್ಲದರ ನಡುವೆ ಅವರ ಮನೆಯಲ್ಲೇ ಒಬ್ಬ ವರನಿದ್ದ. ಒಬ್ಬನೇ ಮಗ ಸುಘೋಷ, ಭದ್ರಾವತಿಯಲ್ಲಿ ಇನ್ವರ್ಟರ್ ಬ್ಯಾಟರಿ ಅಂಗಡಿ ಇಟ್ಟುಕೊಂಡು ಅಲ್ಲೇ ರೂಮು ಮಾಡಿಕೊಂಡಿದ್ದ. ಒಳ್ಳೆಯ ಹುಡುಗ, ಅಂಗಡಿ ಚೆನ್ನಾಗಿ ನಡೆಯುತ್ತಿತ್ತು, ಮದುವೆಯೊಂದು ಬಿಟ್ಟು ಎಲ್ಲವೂ ಆಗಿತ್ತು. ವಿಳಾಸ ಭದ್ರಾವತಿಯದಾದ್ದರಿಂದ ಅವನ ನೋಂದಣಿ ಭದ್ರಾವತಿ ಶಾಖೆಯ ಮೂಲಕವೇ ಬರಬೇಕೆಂದು ತಂದೆಯ ಪಟ್ಟು. ಬಂದ ಮೇಲೆ ಮಗನ ವಿವರವನ್ನು ತೆರೆದು ನೋಡುವುದು ಅಧಿಕಾರ ದುರ್ಬಳಕೆಯಾಗುತ್ತದೆಂದು ಅವರು ತೆರೆದೂ ನೋಡಲಿಲ್ಲ. ಇದನ್ನು ಅವರು ಬೆಂಚಿನ ಮೇಲೆ ಕೂತವರಿಗೆಲ್ಲ ಆಗಾಗ ಹೇಳುತ್ತಿದ್ದರು.

ಶನಿವಾರ ಸಂಜೆ ಅವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಸೀತಾ ಕೇಳುತ್ತಿದ್ದರು, "ಏನಾದ್ರೂ ಬಂತೇನ್ರೀ?"

"ಬಂದಿದ್ರೆ ಕಾಗದ ಬರುತ್ತೆ. ಎಲ್ಲರಿಗೂ ಹೆಂಗೋ ನಮಗೂ ಹಂಗೆ."

"ಎರಡು ವರ್ಷದಿಂದ ಒಂದೂ ಬಂದಿಲ್ಲ. ಅವನಿಗೇನು ಕಣ್ಣಿಲ್ವಾ, ಕಾಲಿಲ್ವಾ? ಪಕ್ಕದ ಮನೆ ಹುಡುಗ, ಹಲ್ಲು ಉಬ್ಬು, ಅವನಿಗೇ ಮೂರು ಕಡೆಯಿಂದ ಬಂದಿತ್ತಂತೆ."

"ದತ್ತಾಂಶ ಸುಳ್ಳು ಹೇಳಲ್ಲ ಕಣೇ ಸೀತಾ."

"ನಿಮ್ಮ ದತ್ತಾಂಶಕ್ಕೆ ಮೊಮ್ಮಕ್ಕಳ ಆಸೆ ಇಲ್ಲ. ನನಗಿದೆ."

ಸುಘೋಷನನ್ನು ಕೇಳಿದರೆ ಅವನು, "ಅಪ್ಪನ ಯಂತ್ರಕ್ಕೆ ಬ್ಯಾಟರಿ ಹೋಗಿರಬೇಕು ಅಮ್ಮಾ, ನೋಡ್ಬೇಕಾ?" ಎಂದು ನಗುತ್ತಿದ್ದ. ನಕ್ಕರೂ ಇತ್ತೀಚೆಗೆ ನೆಂಟರ ಮದುವೆಗಳಿಗೆ ಹೋಗುವುದನ್ನು ನಿಲ್ಲಿಸಿದ್ದ. ಅಲ್ಲಿ ಎಲ್ಲರೂ ಊಟ ಬಡಿಸುವ ಮೊದಲು ಅವನ ವಯಸ್ಸು ಕೇಳುತ್ತಿದ್ದರು. ಸೀತಾಗೆ ಅದು ಗೊತ್ತಿತ್ತು. ಶನಿವಾರದ ಆ ಪ್ರಶ್ನೆ ವಾರದಿಂದ ವಾರಕ್ಕೆ ಚೂಪಾಗುತ್ತಿದ್ದದ್ದು ಅದಕ್ಕೇ.

ಈ ವರ್ಷದ ವಧೂವರ ಸಮಾವೇಶ ಭದ್ರಾವತಿಯ ಸಮುದಾಯ ಭವನದಲ್ಲಿ ನಡೆಯುವುದೆಂದು ತೀರ್ಮಾನವಾಯಿತು. ಅದರಲ್ಲಿ 'ದತ್ತಾಂಶದ ಬೆಳಕಿನಲ್ಲಿ ಜ್ಯೋತಿಷ' ಎಂಬ ಉಪನ್ಯಾಸ ಇಟ್ಟುಕೊಳ್ಳಬೇಕೆಂದು ಸಮಿತಿಗೆ ಯಾರೋ ಸೂಚಿಸಿದರು. ಸೂಚಿಸಿದವರು ಉಮಾಮಹೇಶ್ವರರೇ. ಅನುಮೋದಿಸಿದವರೂ ಅವರೇ ಇರಬೇಕು.

ಉಪನ್ಯಾಸದ ತಯಾರಿಗಾಗಿ ಅವರು ಯಾವ ರಾಶಿಯ ವರರು ಎಷ್ಟು ಜನ ಮದುವೆಯಾಗದೆ ಉಳಿದಿದ್ದಾರೆ ಎಂದು ಎಣಿಸಿ ನೋಡಿದರು. ವೃಷಭದವರು ತುಂಬಾ ಇದ್ದರು, ವೃಶ್ಚಿಕದವರು ಅದಕ್ಕಿಂತ ಹೆಚ್ಚು. ಕನ್ಯಾ ರಾಶಿಯ ಮುಂದೆ ಸೊನ್ನೆ ಬಂತು. ಸಾಮಾನ್ಯ ಮನುಷ್ಯನಾಗಿದ್ದರೆ ಎಲ್ಲೋ ತಪ್ಪಾಗಿದೆ ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಉಮಾಮಹೇಶ್ವರರಿಗೆ ತಾವೊಂದು ಸಂಶೋಧನೆ ಮಾಡಿದ್ದೇವೆ ಎಂಬುದು ಖಚಿತವಾಯಿತು. ಅಂದು ಅವರು ರಾತ್ರಿಯ ಊಟಕ್ಕೆ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಸಮಾವೇಶದ ದಿನ ಗಂಡ ಹೆಂಡತಿ ಬಸ್ಸಿನಲ್ಲಿ ಭದ್ರಾವತಿಗೆ ಹೊರಟರು. ಲ್ಯಾಪ್‌ಟಾಪ್ ಉಮಾಮಹೇಶ್ವರರ ತೊಡೆಯ ಮೇಲೆ ಹಸುಗೂಸಿನಂತೆ ಕೂತಿತ್ತು. ಕಂಡಕ್ಟರ್ ಅದನ್ನು ಮೇಲೆ ಇಡಿ ಎಂದಾಗ ಅವರು, "ಅದರೊಳಗೆ ಒಂದು ಸಮಾಜವೇ ಇದೆ" ಎಂದರು. "ಹಂಗಾದ್ರೆ ಟಿಕೆಟ್ ತಗೋಳಿ" ಎಂದ ಕಂಡಕ್ಟರ್. ಸೀತಾ ಕಿಟಕಿಯ ಕಡೆ ತಿರುಗಿ ನಕ್ಕರು.

ಭವನ ತುಂಬಿತ್ತು. ಮುಂದಿನ ಸಾಲುಗಳಲ್ಲಿ ತಂದೆ ತಾಯಂದಿರು, ಹಿಂದೆ ಗೋಡೆಗೆ ಒರಗಿ, ತಾವು ಯಾರಿಗೂ ಸಂಬಂಧಪಟ್ಟವರಲ್ಲ ಎಂಬಂತೆ ಮೊಬೈಲು ನೋಡುತ್ತಾ ನಿಂತ ವಧೂವರರು. ಸುಘೋಷ ಮಾತ್ರ ಅಂಗಡಿ ಬಿಟ್ಟು ಬಂದಿರಲಿಲ್ಲ. ವಿಷ್ಣುಪ್ರಸಾದರು ಸ್ವಾಗತ ಮಾಡಿದರು, ಮೈಕಿನ ಅಗತ್ಯ ಬೀಳಲಿಲ್ಲ. ಆಮೇಲೆ ಉಮಾಮಹೇಶ್ವರರು ಶಾಲು ಸರಿಮಾಡಿಕೊಂಡು ಎದ್ದರು. ಹಿಂದಿನ ದೊಡ್ಡ ಪರದೆಯ ಮೇಲೆ ಅವರ ಲ್ಯಾಪ್‌ಟಾಪಿನ ತೆರೆ ಮೂಡಿತು.

"ಮಹನೀಯರೇ, ಋಷಿಗಳು ಅಂತರ್ದೃಷ್ಟಿಯಿಂದ ಕಂಡದ್ದನ್ನು ನಾನು ಆಕ್ಸೆಸ್‌ನಿಂದ ಕಂಡಿದ್ದೇನೆ. ಎರಡು ವರ್ಷಗಳಿಂದ ನಮ್ಮ ಕೇಂದ್ರದಲ್ಲಿ ಕನ್ಯಾ ರಾಶಿಯ ಅವಿವಾಹಿತ ವರ ಒಬ್ಬನೇ ಒಬ್ಬನಿಲ್ಲ! ಏಕೆ? ಕನ್ಯಾ ಬುಧನ ಸ್ವಕ್ಷೇತ್ರ, ಉಚ್ಚಸ್ಥಾನವೂ ಹೌದು. ಬುಧ ಬುದ್ಧಿಕಾರಕ, ವ್ಯಾಪಾರಕಾರಕ. ಆದುದರಿಂದ ಕನ್ಯಾ ರಾಶಿಯ ಗಂಡುಗಳಿಗೆ ನೋಂದಣಿಯ ಅಗತ್ಯವೇ ಬೀಳದಷ್ಟು ಬೇಗ ವಿವಾಹವಾಗುತ್ತದೆ. ಇದು ಸಿದ್ಧವಾದ ವಿಷಯ."

ಚಪ್ಪಾಳೆ ಬಿತ್ತು. ಅದು ಇನ್ನೂ ನಿಲ್ಲುವ ಮೊದಲೇ ಹೆಂಗಸರ ಸಾಲಿನಿಂದ ಸೀತಾ ಎದ್ದು ನಿಂತರು.

"ರೀ, ನಮ್ಮ ಸುಘೋಷನದು ಯಾವ ನಕ್ಷತ್ರ?"

ಉಮಾಮಹೇಶ್ವರರು ಮೈಕಿನಲ್ಲೇ ಹೇಳಿದರು, "ಹಸ್ತಾ. ಅದನ್ನ ಇಲ್ಲಿ ಯಾಕೆ..."

ಹಸ್ತಾ ನಕ್ಷತ್ರ ಯಾವ ರಾಶಿಯಲ್ಲಿ ಬರುತ್ತದೆ ಎಂಬುದನ್ನು ತಿಳಿಯದವರು ಆ ಭವನದಲ್ಲಿ ಯಾರಾದರೂ ಇದ್ದರೆ ಅದು ಶಾಮಿಯಾನದವನು ಮಾತ್ರ.

"ಕನ್ಯಾ," ಎಂದರು ಸೀತಾ, ಇಡೀ ಸಭೆಯ ಪರವಾಗಿ. "ಅವನಿಗೆ ಬೇಗ ಮದುವೆ ಆಗಿಬಿಟ್ಟಿದೆ ಅಂತಾಯ್ತು. ಸೊಸೆ ಎಲ್ರೀ?"

ನಗೆ ಎದ್ದಿತು. ಬದಿಯಲ್ಲಿ ಇನ್ನೊಬ್ಬರು ಎದ್ದರು. "ನಮ್ಮ ಹುಡುಗಂದೂ ಕನ್ಯಾನೇ ಸ್ವಾಮೀ. ಮನೇಲೇ ಇದ್ದಾನೆ, ಬೇಕಾದ್ರೆ ಕರೀಲಾ?" ಅವರ ಹಿಂದೆ ಮತ್ತೊಬ್ಬರು. ನೋಡನೋಡುತ್ತ ಕನ್ಯಾ ರಾಶಿಯ ಗಂಡುಗಳ ತಂದೆಯರು ಭವನದ ತುಂಬ ಅಲ್ಲಲ್ಲಿ ಎದ್ದು ನಿಂತರು.

ಉಮಾಮಹೇಶ್ವರರು ವಿಷ್ಣುಪ್ರಸಾದರ ಕಡೆ ತಿರುಗಿದರು. "ನೀವು ಕಳಿಸೇ ಇಲ್ಲ ಅನ್ಸುತ್ತೆ."

"ವಾರ ವಾರ ಕಳಿಸಿದ್ದೀನಿ ಮಾರಾಯ್ರೇ! ನಿಮ್ಮ ಮಗಂದು ನಾನೇ ಕೈಯಾರೆ ಟೈಪ್ ಮಾಡಿದ್ದೀನಿ. ಒಳಗೆ ಹೋಗದಿದ್ರೆ ನಿಮ್ಮ ಕಂಪ್ಯೂಟರ್ ಏನೂ ಹೇಳಲ್ವಾ?"

"ಹೇಳುತ್ತೆ. ನಾನೇ ಬೇಡ ಅಂದಿದ್ದೆ."

"ಯಾಕೆ?"

ಉಮಾಮಹೇಶ್ವರರು ಮೈಕನ್ನು ಸ್ವಲ್ಪ ದೂರ ಸರಿಸಿದರು. "ವಿಘ್ನ ಅಂತ."

ಪರದೆಯ ಮೇಲೆ ನಿರ್ಮಾಲ್ಯ ತೆರೆದುಕೊಂಡಿತು. ಸಾಲು ಸಾಲಾಗಿ ಹುಡುಗರು. ಇಂಜಿನಿಯರು, ಮೇಷ್ಟ್ರು, ಅಡಿಗೆ ಕಂಟ್ರಾಕ್ಟರು, ಪುರೋಹಿತರು, ಎಲ್ಲರೂ ಕನ್ಯಾ ರಾಶಿಯವರು. ಪ್ರತಿಯೊಬ್ಬನ ಮುಂದೆಯೂ ಉಮಾಮಹೇಶ್ವರರು ಸಿಟ್ಟಿನಲ್ಲಿ ಬರೆದ ತಿರಸ್ಕಾರದ ಕಾರಣ ಒಂದೇ: 'ಈ ವರನು ಕನ್ಯೆಯಾಗಿರುತ್ತಾನೆ.' ಮಧ್ಯದಲ್ಲಿ ಸುಘೋಷನೂ ಇದ್ದ. ಹಿಂದೆ ಗೋಡೆಗೆ ಒರಗಿದ್ದ ಹುಡುಗರಲ್ಲಿ ಯಾರೋ ಸಿಳ್ಳೆ ಹಾಕಿದರು.

ಇನ್ನೊಬ್ಬರಾಗಿದ್ದರೆ ವೇದಿಕೆ ಇಳಿದು ಬಸ್ಸು ಹತ್ತುತ್ತಿದ್ದರು. ಆದರೆ ಎರಡು ವರ್ಷದ ಶನಿವಾರಗಳೆಲ್ಲ ಹೆಂಗಸರ ಸಾಲಿನಲ್ಲಿ ಎದ್ದು ನಿಂತು ಅವರನ್ನೇ ನೋಡುತ್ತಿದ್ದವು. ಉಮಾಮಹೇಶ್ವರರು ಕೂತರು. ಆ ನಿಯಮವನ್ನು ಹುಡುಕಿ, 'ಎಲ್ಲಿಯಾದರೂ' ಎಂಬುದನ್ನು ತೆಗೆದು, ರಾಶಿಯ ಕಾಲಂ ಒಂದನ್ನು ಹೊರತುಪಡಿಸಿ ಎಂದು ತಿದ್ದಿದರು. ಗುಂಡಿ ಒತ್ತಿದರು. ನಿರ್ಮಾಲ್ಯದಿಂದ ಹುಡುಗರು ಒಬ್ಬೊಬ್ಬರಾಗಿ ಮಾಯವಾಗಿ ವರರ ಪಟ್ಟಿಗೆ ಸೇರಿದರು. ಒಬ್ಬೊಬ್ಬನು ಹೋದಾಗಲೂ ಅವನ ಕಡೆಯವರು ಚಪ್ಪಾಳೆ ತಟ್ಟಿದರು.

ಕೊನೆಗೆ ನಿರ್ಮಾಲ್ಯದಲ್ಲಿ ನಾಲ್ಕೈದು ಸಾಲು ಉಳಿದವು. ಅದರಲ್ಲೊಂದು ಸುಘೋಷನದು. ಕಾರಣದ ಜಾಗದಲ್ಲಿ ಈಗ ಬೇರೆ ವಾಕ್ಯ ಬಂದಿತ್ತು: 'ವಯೋಮಿತಿ ಮೀರಿದೆ.'

ವರನ ವಯಸ್ಸು ಮೂವತ್ತೈದನ್ನು ಮೀರಬಾರದು ಎಂಬುದು ಅವರದೇ ಇನ್ನೊಂದು ನಿಯಮ. ಒಂದು ಸಲ ಮೂವತ್ತೇಳರ ಮಗನಿದ್ದ ತಂದೆಯೊಬ್ಬರು ಬೆಂಚಿನ ಮೇಲೆ ಕೂತು ಅಂಗಲಾಚಿದಾಗ, "ಶಿಸ್ತು ಎಂದ ಮೇಲೆ ಶಿಸ್ತು" ಎಂದು ಅವರನ್ನು ಮೆಟ್ಟಿಲು ಇಳಿಸಿದ್ದರು. ಸುಘೋಷನಿಗೆ ಯಂತ್ರದ ಬಾಗಿಲಲ್ಲಿ ಕಾಯುತ್ತಾ ನಿಂತಿದ್ದಾಗಲೇ ಮೂವತ್ತಾರು ಆಗಿತ್ತು.

"ಏನ್ರೀ ಅದು?" ಸೀತಾ ಕೇಳಿದರು.

"ವಯಸ್ಸು."

"ಅದನ್ನೂ ಅವನೇ ಮಾಡ್ಕೊಂಡ ತಪ್ಪು ಅಂತ ಬರ್ಕೊಳ್ಳಿ."

ಉಮಾಮಹೇಶ್ವರರು ಪರದೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಜೀವಮಾನದಲ್ಲಿ ಒಂದು ನಿಯಮವನ್ನೂ ಸಡಿಲಿಸದ ಕೈ ನಿಧಾನವಾಗಿ ಕೀಲಿಮಣೆಯ ಕಡೆ ಹೋಯಿತು. ಮೂವತ್ತೈದನ್ನು ಅಳಿಸಿ ಮೂವತ್ತಾರು ಎಂದು ಬರೆಯಿತು.

"ಓಹೋ!" ವಿಷ್ಣುಪ್ರಸಾದರು ಕೂಗಿದರು. "ಅಂಗೀನ ನಿಮ್ಮ ಮಗನ ಅಳತೆಗೇ ಹೊಲಿಸ್ತಿದೀರಲ್ಲ ಮಾರಾಯ್ರೇ!"

"ಮೂವತ್ತೆಂಟು ಮಾಡಿ ಸ್ವಾಮಿ, ನಮ್ಮವನಿಗೆ ಮೊನ್ನೆ ತಾನೇ ತುಂಬ್ತು."

"ನಲವತ್ತು!"

"ನಲವತ್ತೆರಡು! ಕೂದಲು ಮಾತ್ರ ಬೆಳ್ಳಗಾಗಿರೋದು, ಹುಡುಗ ಗಟ್ಟಿ ಇದ್ದಾನೆ."

ಅಡಿಕೆ ಮಂಡಿಯಲ್ಲಿ ಕೂಗು ಏರಿದಂತೆ ಏರುತ್ತಾ ಹೋಯಿತು. ನಲವತ್ತೈದಕ್ಕೆ ಬಂದಾಗ ಕೂಗಿದ್ದು ತಂದೆಯಲ್ಲ, ಸ್ವತಃ ವರ. ಉಮಾಮಹೇಶ್ವರರು ಸೋತು ಆ ನಿಯಮವನ್ನೇ ಅಳಿಸಿಹಾಕಿ ಗುಂಡಿ ಒತ್ತಿದರು. ನಿರ್ಮಾಲ್ಯ ಖಾಲಿಯಾಯಿತು. ಸುಘೋಷನ ಹೆಸರಿನ ಎದುರಿಗೆ, ಮೃಗಶಿರಾ ನಕ್ಷತ್ರದ ಮೇಧಾ, ಕಾಲೇಜಿನ ಗ್ರಂಥಪಾಲಕಿ, ಎಂದು ಮೂಡಿತು.

ಮೂರನೆಯ ಸಾಲಿನಿಂದ ಜನಾರ್ದನ ಅವಧಾನಿಗಳು ಎದ್ದರು. ಸೋಗಾನೆಯ ಕಡೆಯವರು, ಮೇಧಾಳ ತಂದೆ. "ಹಾಗಾದರೆ ವರ ಇದ್ದ ಅಂತಾಯ್ತು. ನೀವು ವಾರ ವಾರ 'ಸೂಕ್ತ ವರ ಲಭ್ಯವಿಲ್ಲ' ಅಂತ ಕಾಗದ ಕಳಿಸ್ತಿದ್ರಿ. ಪರವಾಗಿಲ್ಲ ಬಿಡಿ, ಹಿಂಬದಿ ಖಾಲಿ ಇತ್ತು, ನಮ್ಮವಳಿಗೆ ಹಾಲಿನ ಲೆಕ್ಕಕ್ಕೆ ಆಯ್ತು."

ಅಷ್ಟರಲ್ಲಿ ಸೀತಾ ಅವಧಾನಿಗಳ ಹೆಂಡತಿಯ ಕೈ ಹಿಡಿದಿದ್ದರು. "ಬನ್ನಿ, ಊಟಕ್ಕೆ ಒಟ್ಟಿಗೇ ಕೂರೋಣ. ಇವರದ್ದು ಮುಗಿಯಲ್ಲ."

ನಿಜವಾಗಿಯೂ ಮುಗಿಯಲಿಲ್ಲ. ತಂದೆಯರು ವೇದಿಕೆ ಹತ್ತಿ ಲ್ಯಾಪ್‌ಟಾಪನ್ನು ಮುತ್ತಿದರು. ಒಬ್ಬರ ಮಗನ ಎತ್ತರ ತಪ್ಪಾಗಿತ್ತು, ಇನ್ನೊಬ್ಬರ ಮಗಳ ಉದ್ಯೋಗದ ಜಾಗದಲ್ಲಿ ಗೋತ್ರ ಕೂತಿತ್ತು. ಒಂದೇ ಗುಂಡಿಯಲ್ಲಿ ಎಲ್ಲ ಮುಗಿಸುವ ಯಂತ್ರ ಕಟ್ಟಿದ ಮಹಾಶಯರು ಒಂದೊಂದೇ ಅಕ್ಷರ ಒತ್ತಿ ತಿದ್ದುತ್ತಾ ಕೂತರು. ಭೋಜನಶಾಲೆಯ ಬಾಗಿಲಿನಾಚೆ ಹೆಂಡತಿ ಕಾಣುತ್ತಿದ್ದರು. ಅವರ ಎಡಕ್ಕೆ ಅವಧಾನಿ ದಂಪತಿ, ಬಲಕ್ಕೆ ಕನ್ನಡಕದ ಹುಡುಗಿಯೊಬ್ಬಳು. ಏನು ಮಾತಾಡುತ್ತಿದ್ದಾರೆಂದು ಕೇಳಿಸಲಿಲ್ಲ. ಹುಳಿ ಬಂತು, ಸಾರು ಬಂತು, ಹೋಳಿಗೆಯೂ ಬಂದು ಹೋಯಿತು.

ಅವರು ಕೊನೆಗೂ ಬಿಡಿಸಿಕೊಂಡು ಭೋಜನಶಾಲೆಗೆ ಬಂದಾಗ ಎಲೆ ತೆಗೆಯುತ್ತಿದ್ದರು.

"ಬರೋ ಭಾನುವಾರ ಅವರು ಮನೆಗೆ ಬರ್ತಾರೆ," ಎಂದರು ಸೀತಾ. "ಅದಕ್ಕೆ ಮೊದಲು ಮೇಧಾನೇ ಅಂಗಡಿಗೆ ಹೋಗಿ ಹುಡುಗನ್ನ ನೋಡಿ ಬರ್ತೀನಿ ಅಂದಿದಾಳೆ. ನಾನು ಹೂಂ ಅಂದೆ."

ಉಮಾಮಹೇಶ್ವರರು ಗಂಟಲು ಸರಿಮಾಡಿಕೊಂಡರು. "ಒಳ್ಳೇದು. ಆದರೆ ಸಮಗ್ರವಾಗಿ ಗುಣಮೇಳನದ ವಿಶ್ಲೇಷಣೆ ಆಗಬೇಕು. ನಾನೊಂದು ಹೊಸ ಮ್ಯಾಕ್ರೋ..."

ಮೇಧಾ ಕನ್ನಡಕ ಸರಿಮಾಡಿಕೊಂಡು ಅವರನ್ನು ಒಮ್ಮೆ ನೋಡಿ, ಸೀತಾ ಕಡೆ ಬಗ್ಗಿದಳು. ಮೆಲ್ಲಗೆ ಕೇಳಬೇಕೆಂದುಕೊಂಡಿದ್ದಳೋ ಏನೋ, ಉಮಾಮಹೇಶ್ವರರಿಗೂ ಕೇಳಿಸಿತು.

"ಅತ್ತೇ, ನಿಮ್ಮ ಮಗನಿಗೂ ಈ ಮ್ಯಾಕ್ರೋ ಬರೆಯೋದೆಲ್ಲ ಬರುತ್ತಾ?"

"ಇಲ್ಲಮ್ಮ. ಅವನಿಗೆ ಬ್ಯಾಟರಿ ಬಿಟ್ರೆ ಏನೂ ಬರಲ್ಲ."

"ಹಂಗಾದ್ರೆ ನೋಡಬಹುದು," ಎಂದಳು ಮೇಧಾ.